ಸೀಸೆಯೊಳಗಣ ಕಾವಲು

ಇನ್ಸುಲಿನ್ ಸೀಸೆಯ ರಬ್ಬರು ಮುಚ್ಚಳದಿಂದ ಹೊರಗೆಳೆದ ಸೂಜಿಯ ತುದಿಯಲ್ಲಿ ನಿಲ್ಲುವ ಸಣ್ಣ ಹನಿಯನ್ನು ಬೆರಳಿಗೆ ಸವರಿ ಮೂಸಿ ನೋಡಿದವರಿಗೆ, ಆಸ್ಪತ್ರೆಯ ನೆಲವನ್ನು ಒರಸಿ ಹೋದ ಮೇಲೆ ಮೊಗಸಾಲೆಯಲ್ಲಿ ಬಹಳ ಹೊತ್ತು ಉಳಿಯುವ ಫಿನಾಯಿಲಿನ ವಾಸನೆ ಸ್ವಲ್ಪಮಟ್ಟಿಗೆ ನೆನಪಾಗದಿರದು. ದಿನಕ್ಕೆ ಎರಡು ಬಾರಿ ತನ್ನ ಹೊಟ್ಟೆಯ ಚರ್ಮದಡಿಗೆ ತಾನೇ ಚುಚ್ಚಿಕೊಳ್ಳಬೇಕಾದ ಔಷಧದಲ್ಲಿ ನೆಲ ತೊಳೆಯುವ ದ್ರವದ ವಾಸನೆ ಏಕಿರಬೇಕೆಂದು ಒಬ್ಬ ರೋಗಿಯು ಕೇಳಿದರೆ ಆ ಪ್ರಶ್ನೆ ಅಜ್ಞಾನದಿಂದ ಹುಟ್ಟಿದುದೆನ್ನುವಂತಿಲ್ಲ. ಅದು ಮೂಗು ನೆಟ್ಟಗಿರುವವನ ಪ್ರಶ್ನೆ. ಬಳ್ಳಾರಿಯ ಕೌಲ್‌ಬಜಾರಿನಲ್ಲಾಗಲಿ, ಸಿರುಗುಪ್ಪದ ಅಕ್ಕಿ ಗಿರಣಿಗಳ ಬೀದಿಯಲ್ಲಾಗಲಿ, ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯ ಆಸುಪಾಸಿನ ಓಣಿಗಳಲ್ಲಾಗಲಿ ಈ ಪ್ರಶ್ನೆ ಎರಡು ಮಾತುಗಳಾಗಿ ಕಿವಿಗೆ ಬೀಳುತ್ತದೆ: “ಶುಗರಿನ ಸೂಜಿ ಒಮ್ಮೆ ಹಿಡದ್ರ ಬಿಡಂಗಿಲ್ಲ” ಎಂಬುದು ಮೊದಲನೆಯದು, “ಅದರಾಗ ಕೆಮಿಕಲ್ ಹಾಕಿರ್ತಾರ” ಎಂಬುದು ಎರಡನೆಯದು. ಮೊದಲನೆಯ ಮಾತಿಗೆ ಉತ್ತರ ಸುಲಭ: ಬಿಡಲಾಗದಿರುವುದು ಸೂಜಿಯ ದೋಷದಿಂದಲ್ಲ, ಮೇದೋಜೀರಕ ಗ್ರಂಥಿಯು ತನ್ನ ಕೆಲಸವನ್ನು ಬಿಟ್ಟುಬಿಟ್ಟಿರುವುದರಿಂದ. ಎರಡನೆಯ ಮಾತು ನಿಜ. ಹಾಕಿರುತ್ತಾರೆ, ಏನನ್ನು, ಎಷ್ಟು, ಯಾತಕ್ಕೆ ಎಂಬುದನ್ನು ವಿಚಾರಿಸುವುದೇ ಈ ಅಧ್ಯಾಯದ ಉದ್ದೇಶ.

ಬಳ್ಳಾರಿಯವರ ಈ ಅಂಜಿಕೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. 2024ರ ನವೆಂಬರಿನಲ್ಲಿ ಈ ಊರಿನ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಹಲವು ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಅಸುನೀಗಿದಾಗ, ಅವರ ರಕ್ತನಾಳಕ್ಕೆ ಏರಿಸಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಮೂಡಿ ರಾಜ್ಯಸರಕಾರವು ಅದರ ಬಳಕೆಯನ್ನು ತಡೆಹಿಡಿಯಿತು. ಆ ಮನೆಗಳ ಹಸುಗೂಸುಗಳನ್ನು ನೆನೆದರೆ ಸಂಕಟವಾಗುತ್ತದೆ. ಸೂಜಿಯ ಮೂಲಕ ದೇಹವನ್ನು ಹೊಗುವ ಪ್ರತಿಯೊಂದು ದ್ರವದ ವಿಷಯದಲ್ಲಿಯೂ ಜನರು ಅನುಮಾನಪಡುವುದಕ್ಕೆ ಆ ತಿಂಗಳು ಸಾಕಷ್ಟು ಕಾರಣವನ್ನು ಕೊಟ್ಟಿತು. ಆದರೆ ಇಲ್ಲಿ ಗಮನಿಸತಕ್ಕ ಒಂದು ಅಂಶವುಂಟು. ಸಲೈನು, ರಿಂಗರ್ಸ್ ಮೊದಲಾದ ದೊಡ್ಡ ಬಾಟಲಿಯ ದ್ರಾವಣಗಳಲ್ಲಿ ಸಂರಕ್ಷಕ ದ್ರವ್ಯವನ್ನು ಬೆರೆಸುವುದೇ ಇಲ್ಲ, ಏಕೆಂದರೆ ಅರ್ಧ ಲೀಟರಿನಷ್ಟು ದ್ರವದೊಡನೆ ಆ ದ್ರವ್ಯವೂ ರಾಶಿಯಾಗಿ ರಕ್ತಕ್ಕಿಳಿಯುತ್ತದೆ. ಅವುಗಳ ಶುದ್ಧಿಯೆಲ್ಲವೂ ಕಾರ್ಖಾನೆಯ ಮಡಿವಂತಿಕೆಯೊಂದನ್ನೇ ನೆಚ್ಚಿರುತ್ತದೆ, ಅದು ತಪ್ಪಿದರೆ ಎರಡನೆಯ ಕಾವಲಿಲ್ಲ. ಇನ್ಸುಲಿನ್ನಿನ ಸೀಸೆಯಲ್ಲಿ ಎರಡನೆಯ ಕಾವಲು ಉಂಟು. ನಮ್ಮ ಮೂಗಿಗೆ ತಾಗುವುದು ಅದರ ವಾಸನೆಯೇ.

ಆ ಕಾವಲಿನ ಹೆಸರು ಮೆಟಾಕ್ರೆಸಾಲ್. ಕೆಲವು ತಯಾರಿಕೆಗಳಲ್ಲಿ ಅದರ ಜೊತೆಗೆ ಫೀನಾಲ್. ಎರಡೂ ಒಂದೇ ಕುಲದವು, ಮತ್ತು ಆ ಕುಲದ ಮೂಲವು ಬಳ್ಳಾರಿಗೆ ಅಪರಿಚಿತವಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕೋಕ್ ಒಲೆಗಳಲ್ಲಿ ಕಲ್ಲಿದ್ದಲನ್ನು ಗಾಳಿ ಸೋಂಕದಂತೆ ಕಾಯಿಸಿದಾಗ ಬಸಿದು ಬರುವ ಕಪ್ಪು ಟಾರಿನಲ್ಲಿ ಫೀನಾಲ್, ಕ್ರೆಸಾಲ್‌ಗಳು ಸಹಜವಾಗಿಯೇ ಇರುತ್ತವೆ. ಜರ್ಮನಿಯ ಫ್ರೀಡ್‌ಲೀಬ್ ರುಂಗೆ ಎಂಬ ರಸಾಯನಜ್ಞನು 1834ರಲ್ಲಿ ಫೀನಾಲನ್ನು ಮೊದಲು ಬೇರ್ಪಡಿಸಿದುದು ಇಂತಹ ಟಾರಿನಿಂದಲೇ. ಮೂವತ್ತು ವರ್ಷಗಳ ತರುವಾಯ, 1865ರಲ್ಲಿ, ಗ್ಲಾಸ್ಗೋ ನಗರದಲ್ಲಿ ಬಂಡಿಯ ಗಾಲಿ ಹರಿದು ಮೂಳೆ ಚರ್ಮವನ್ನು ಸೀಳಿ ಹೊರಬಂದಿದ್ದ ಹನ್ನೊಂದು ವರ್ಷದ ಬಾಲಕನೊಬ್ಬನ ಕಾಲಿಗೆ ಜೋಸೆಫ್ ಲಿಸ್ಟರನು ಇದೇ ದ್ರವ್ಯದಲ್ಲಿ ತೋಯಿಸಿದ ಬಟ್ಟೆಯನ್ನು ಸುತ್ತಿದನು. ಅಂತಹ ಗಾಯವಾದವರ ಕಾಲನ್ನು ಕತ್ತರಿಸುವುದು, ಇಲ್ಲವೆ ಕೀವಿನಿಂದ ಅವರು ಸಾಯುವುದನ್ನು ಕಾಯುವುದು ಆ ಕಾಲದ ವಾಡಿಕೆಯಾಗಿತ್ತು; ಈ ಬಾಲಕನ ಕಾಲು ಕೀವಾಗದೆ ಮಾಯಿತು. ಶಸ್ತ್ರಚಿಕಿತ್ಸೆಯೆಂಬುದು ಮರಣದಂಡನೆಗೆ ಪರ್ಯಾಯನಾಮವಾಗಿದ್ದ ದಿನಗಳು ಅಲ್ಲಿಂದ ಮುಗಿಯತೊಡಗಿದವು. ಫೀನಾಲ್ ಉಗ್ರವಾದ ವಸ್ತುವೆಂಬುದರಲ್ಲಿ ಸಂದೇಹವಿಲ್ಲ: ಗಟ್ಟಿಯಾದ ಫೀನಾಲ್ ಚರ್ಮವನ್ನು ಸುಡುತ್ತದೆ, ಕುಡಿದರೆ ಕೊಲ್ಲುತ್ತದೆ. ಆ ಉಗ್ರತೆಯನ್ನು ಎಷ್ಟು ನೀರಿಗೆ ಇಳಿಸಿದರೆ ಕ್ರಿಮಿ ಸಾಯುವುದು, ಮನುಷ್ಯನ ಜೀವಕೋಶ ಬದುಕುವುದು ಎಂಬ ಲೆಕ್ಕದಲ್ಲಿಯೇ ವಿದ್ಯೆಯೆಲ್ಲವೂ ಅಡಗಿದೆ.

ಆ ಲೆಕ್ಕವನ್ನು ಮರೆತರೆ ಏನಾಗುವುದೆಂಬುದನ್ನು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಬಂಡಬರ್ಗ್ ಎಂಬ ಊರು 1928ರಲ್ಲಿ ಕಂಡಿತು. ಗಂಟಲಮಾರಿಯ ವಿರುದ್ಧ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದ ದಿನಗಳವು. ರಬ್ಬರು ಮುಚ್ಚಳದ ಒಂದೇ ಸೀಸೆಯಿಂದ ಜನವರಿ ತಿಂಗಳ ಬೇರೆಬೇರೆ ದಿನಗಳಲ್ಲಿ ಔಷಧವನ್ನು ಎಳೆದುಕೊಳ್ಳುತ್ತಿದ್ದರು. ಜನವರಿ ಅಲ್ಲಿ ಕಡುಬೇಸಗೆ. ಆ ಸೀಸೆಯಲ್ಲಿ ಸಂರಕ್ಷಕವಿರಲಿಲ್ಲ. ಯಾವುದೋ ಒಂದು ದಿನದ ಸೂಜಿಯೊಡನೆ ಒಳಹೊಕ್ಕ ಸ್ಟ್ಯಾಫಿಲೊಕಾಕಸ್ ಎಂಬ ಸಾಮಾನ್ಯ ಕ್ರಿಮಿಯು ಆ ಬೆಚ್ಚನೆಯ ಪೌಷ್ಟಿಕ ದ್ರವದಲ್ಲಿ ಬೆಳೆದು, ತಿಂಗಳ 27ರಂದು ಅದರಿಂದ ಚುಚ್ಚಿಸಿಕೊಂಡ 21 ಮಕ್ಕಳ ಪೈಕಿ 12 ಮಂದಿ ಸತ್ತರು. ಹಲವು ಬಾರಿ ಚುಚ್ಚಿ ತೆಗೆಯತಕ್ಕ ಜೈವಿಕ ಔಷಧದ ಸೀಸೆಯಲ್ಲಿ ಕ್ರಿಮಿನಾಶಕವಿರಲೇಬೇಕೆಂಬ ನಿಯಮದ ಹಿಂದೆ ಆ ಹನ್ನೆರಡು ಮಕ್ಕಳ ಸಮಾಧಿಗಳಿವೆ. ಇನ್ಸುಲಿನ್ನಿನ ಹತ್ತು ಮಿಲಿಲೀಟರಿನ ಸೀಸೆಯನ್ನು ನಮ್ಮ ರೋಗಿಯು ಎಷ್ಟು ಸಾರಿ ಚುಚ್ಚುತ್ತಾನೆ? ದಿನಕ್ಕೆ ಎರಡರಂತೆ ಎರಡು ವಾರವೆಂದರೂ ಇಪ್ಪತ್ತೆಂಟು ಸಾರಿ. ಅದೂ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಲ್ಲ, ಅಡುಗೆಮನೆಯ ಕಟ್ಟೆಯ ಮೇಲೆ, ಬಹಳ ಕಡೆ ಅದೇ ಸೂಜಿಯನ್ನು ಎರಡನೆಯ ಸಾರಿ, ಮೂರನೆಯ ಸಾರಿ ಬಳಸುತ್ತ. ಆದುದರಿಂದಲೇ ಔಷಧಸಂಹಿತೆಗಳು ವಿಧಿಸುವ ಪರೀಕ್ಷೆಯಲ್ಲಿ ತಯಾರಕರು ಬೇಕೆಂದೇ ಸ್ಟ್ಯಾಫಿಲೊಕಾಕಸ್, ಸ್ಯೂಡೊಮೊನಾಸ್, ಕ್ಯಾಂಡಿಡಾ ಮುಂತಾದ ಕ್ರಿಮಿ, ಬೂಷ್ಟುಗಳನ್ನು ದ್ರವಕ್ಕೆ ಬಿಟ್ಟು 28 ದಿನಗಳವರೆಗೆ ಅವು ಹೇಗೆ ಕುಗ್ಗುತ್ತವೆಂಬುದನ್ನು ಎಣಿಸಿ ತೋರಿಸಬೇಕು. ಇಷ್ಟಾದರೂ ಒಬ್ಬರ ಸೂಜಿಯನ್ನು ಇನ್ನೊಬ್ಬರು ಬಳಸುವುದಕ್ಕೆ ಇದು ಅನುಮತಿಯಲ್ಲ. ರಕ್ತದ ಮೂಲಕ ಹರಡುವ ವೈರಾಣುಗಳ ಎದುರು ಈ ಕಾವಲನ್ನು ನಂಬಲಾಗದು.

ಕಾವಲು ಎಂಬ ಮಾತಿನಲ್ಲಿಯೇ ಈ ಕಥೆ ಮುಗಿದಿದ್ದರೆ ಕ್ರೆಸಾಲಿಗೆ ಬದಲಾಗಿ ಮತ್ತಾವುದಾದರೂ ಸೌಮ್ಯ ದ್ರವ್ಯವನ್ನು ಹಾಕಬಹುದಿತ್ತಷ್ಟೆ. ಹಾಗೆ ಮಾಡಲಾಗದುದಕ್ಕೆ ಇನ್ಸುಲಿನ್ನಿನ ಸ್ವರೂಪದಲ್ಲಿಯೇ ಕಾರಣವಿದೆ, ಮತ್ತು ಆ ಕಾರಣವನ್ನು ಕಂಡುಕೊಂಡ ಇತಿಹಾಸದಲ್ಲಿ ಬೆಂಗಳೂರಿಗೂ ಒಂದು ಪಾಲುಂಟು.

ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್, ಮೆಕ್ಲಿಯಡ್, ಕಾಲಿಪ್ ಎಂಬ ನಾಲ್ವರ ಶ್ರಮದಿಂದ ದೊರೆತ ಈ ಔಷಧವನ್ನು 1922ರ ಜನವರಿ 11ರಂದು ಲೆನರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲು ಚುಚ್ಚಿದರು. ಆ ಕಷಾಯವು ಅಶುದ್ಧವಾಗಿದ್ದುದರಿಂದ ಚುಚ್ಚಿದೆಡೆ ಬಾವು ಬಂದಿತು. ಕಾಲಿಪ್ ಅದನ್ನು ಶುದ್ಧಿಗೊಳಿಸಿದ ಮೇಲೆ ಅದೇ ತಿಂಗಳ 23ರಂದು ಮತ್ತೆ ಪ್ರಾರಂಭಿಸಿದಾಗ, ಉಪವಾಸದ ಪಥ್ಯದಲ್ಲಿ ಎಲುಬಿನ ಹಂದರವಾಗಿದ್ದ ಹುಡುಗನು ಚೇತರಿಸಿಕೊಂಡು ಮುಂದೆ ಹದಿಮೂರು ವರ್ಷ ಬದುಕಿದನು. ಅಲ್ಲಿಂದ ಇನ್ಸುಲಿನ್ನಿನ ಒಳರಚನೆಯನ್ನು ತಿಳಿಯಲು ಬಹುಕಾಲ ಹಿಡಿಯಿತು. ಅದು 51 ಅಮಿನೊ ಆಮ್ಲಗಳ ಎರಡು ಸರಗಳೆಂಬುದನ್ನು ಫ್ರೆಡ್ರಿಕ್ ಸ್ಯಾಂಗರನು 1955ರ ವೇಳೆಗೆ ಪೂರ್ತಿಯಾಗಿ ಬಿಡಿಸಿದನು. ಆ ಸರಗಳು ಹೇಗೆ ಮಡಿಚಿ ಕುಳಿತಿವೆಯೆಂಬುದನ್ನು ಆಕ್ಸ್‌ಫರ್ಡಿನ ಡೊರೊತಿ ಹಾಜ್‌ಕಿನ್ ಮೂವತ್ತು ವರ್ಷಕ್ಕೂ ಮಿಕ್ಕ ತಪಸ್ಸಿನ ಬಳಿಕ 1969ರಲ್ಲಿ ಲೋಕಕ್ಕೆ ತೋರಿಸಿದರು. ಆ ವರ್ಷದ ಪ್ರಬಂಧದ ಕರ್ತೃಗಳಲ್ಲಿ ಎಂ. ವಿಜಯನ್ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದು ಆಕ್ಸ್‌ಫರ್ಡಿಗೆ ಹೋಗಿದ್ದ ಅವರು ಮರಳಿ ಅದೇ ಸಂಸ್ಥೆಗೆ ಬಂದು, ಪ್ರೋಟೀನುಗಳ ಹರಳುಗಳಿಂದ ಅವುಗಳ ಆಕಾರವನ್ನು ಓದುವ ವಿದ್ಯೆಯನ್ನು ಈ ದೇಶದಲ್ಲಿ ನೆಲೆಗೊಳಿಸಿದರು.

ಆ ಹರಳುಗಳು ಹೇಳಿದುದು ಇಷ್ಟು: ಸೀಸೆಯಲ್ಲಿ ಇನ್ಸುಲಿನ್ ಅಣುಗಳು ಒಂಟಿಯಾಗಿ ತಿರುಗುವುದಿಲ್ಲ, ಎರಡೆರಡಾಗಿ ಜೊತೆಗೂಡಿ, ಅಂತಹ ಮೂರು ಜೊತೆಗಳು ಎರಡು ಸತುವಿನ ಅಯಾನುಗಳ ಸುತ್ತ ನೆರೆದು, ಆರು ಅಣುಗಳ ಒಂದು ದುಂಡು ಕೂಟವಾಗುತ್ತವೆ. ಒಂಟಿ ಅಣುವಿಗೆ ಶಾಖ ತಾಗಿದರೆ, ಕುಲುಕು ತಾಗಿದರೆ, ಅದರ ಮಡಿಕೆ ಸಡಿಲಿ ಪಕ್ಕದ ಅಣುವಿಗೆ ಹೆಣೆದುಕೊಂಡು ನಾರಾಗುತ್ತದೆ. ನಾರಾದ ಇನ್ಸುಲಿನ್ನಿನಿಂದ ಪ್ರಯೋಜನವಿಲ್ಲ. ಕೂಟದಲ್ಲಿರುವ ಅಣುವಿಗೆ ಆ ಭಯ ಕಡಿಮೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ತಂಡವು 1989ರಲ್ಲಿ ಈ ಕೂಟವನ್ನು ಫೀನಾಲಿನ ಸನ್ನಿಧಿಯಲ್ಲಿ ಹರಳುಗಟ್ಟಿಸಿ ನೋಡಿದಾಗ ಒಂದು ಅಚ್ಚರಿ ಕಾದಿತ್ತು. ಕ್ರಿಮಿಯನ್ನು ಕೊಲ್ಲಲೆಂದು ಹಾಕಿದ ಫೀನಾಲಿನ ಆರು ಅಣುಗಳು ಕೂಟದ ಆರು ಸಂದುಗಳಲ್ಲಿ ಅಳತೆಮಾಡಿ ಕೊರೆದಂತೆ ಕುಳಿತು, ಸರಗಳ ಒಂದು ಭಾಗವನ್ನು ಹೊಸದಾಗಿ ಸುರುಳಿಗೊಳಿಸಿ, ಕೂಟವನ್ನು ಮೊದಲಿಗಿಂತಲೂ ಬಿಗಿಮಾಡಿದ್ದವು. ಗಾಲಿ ಕಳಚದಂತೆ ಬಂಡಿಯ ಅಚ್ಚಿಗೆ ಹಾಕುವ ಕಡಾಣಿಯ ಕೆಲಸ ಅದು. ಚರ್ಮದಡಿಗೆ ಇಳಿದೊಡನೆ ಫೀನಾಲ್ ಸುತ್ತಣ ದ್ರವಕ್ಕೆ ಹರಿದುಹೋಗುತ್ತದೆ, ಕಡಾಣಿ ಕಳಚುತ್ತದೆ, ಕೂಟ ಒಡೆದು ಒಂಟಿ ಅಣುಗಳಾಗಿ ರಕ್ತವನ್ನು ಸೇರುತ್ತದೆ. ಊಟದ ಹೊತ್ತಿಗೆ ತೆಗೆದುಕೊಳ್ಳುವ ಹಲವು ಶೀಘ್ರಗಾಮಿ ಇನ್ಸುಲಿನ್ನುಗಳು ಸಹ ಸೀಸೆಯಲ್ಲಿರುವಷ್ಟು ಕಾಲ ಈ ಬಂಧನದಿಂದಲೇ ಕ್ಷೇಮವಾಗಿರುತ್ತವೆ. ಕ್ರಿಮಿನಾಶಕ್ಕೆಂದು ಬಂದ ಆಳು ಮನೆಯ ಕಂಬವನ್ನೂ ಹೊತ್ತು ನಿಂತಿರುವುದು ವಿಜ್ಞಾನದ ಇತಿಹಾಸದಲ್ಲಿ ಅಪೂರ್ವವಾದ ಯೋಗವೆಂದು ನನಗೆ ತೋರುತ್ತದೆ.

ಹಾಲಿನಂತೆ ಮಬ್ಬಾಗಿರುವ ಇನ್ಸುಲಿನ್ನಿನ ವಿಷಯವೂ ಇದೇ. ಡೆನ್ಮಾರ್ಕಿನ ಹ್ಯಾಗೆಡಾರ್ನನ ಪ್ರಯೋಗಶಾಲೆಯಲ್ಲಿ 1946ರಲ್ಲಿ ಸಿದ್ಧವಾದ ಎನ್‌ಪಿಎಚ್ ಎಂಬ ಆ ತಯಾರಿಕೆಯಲ್ಲಿ ಮೀನಿನ ವೀರ್ಯದಿಂದ ತೆಗೆದ ಪ್ರೋಟಮಿನ್ ಎಂಬ ಪ್ರೋಟೀನಿನೊಡನೆ ಇನ್ಸುಲಿನ್ ಸಣ್ಣ ಹರಳುಗಳಾಗಿರುತ್ತದೆ. ಆ ಹರಳು ಕಟ್ಟುವುದಕ್ಕೂ ಫೀನಾಲ್ ಕುಲದ ದ್ರವ್ಯ ಬೇಕು. ನಮ್ಮ ಜಿಲ್ಲೆಗಳಲ್ಲಿ ಬಹುಜನರು ಬಳಸುವ ಮೂವತ್ತು-ಎಪ್ಪತ್ತರ ಮಿಶ್ರಣದಲ್ಲಿ ಎಪ್ಪತ್ತು ಪಾಲು ಇದೇ. ಸೀಸೆಯನ್ನು ಅಂಗೈಗಳ ನಡುವೆ ಮೆಲ್ಲನೆ ಹೊರಳಿಸಿದಾಗ ತಳದಲ್ಲಿ ಕುಳಿತ ಬಿಳಿಯ ಪದರವು ಎದ್ದು ಸಮನಾಗಿ ಬೆರೆಯಬೇಕು. ಹಾಗಾಗದೆ ಮೊಸರಿನ ಗಂಟುಗಳಂತೆ ತೇಲಿದರೆ, ಅಥವಾ ಗಾಜಿನ ಒಳಮೈಗೆ ಇಬ್ಬನಿಯಂತೆ ಕಣಗಳು ಅಂಟಿ ನಿಂತರೆ, ಆ ಸೀಸೆಯನ್ನು ಬಿಸಾಡತಕ್ಕದ್ದು.

ಇನ್ನು ಪ್ರಮಾಣದ ಮಾತು. ಎನ್‌ಪಿಎಚ್ ತಯಾರಿಕೆಯೊಂದರಲ್ಲಿ ಮಿಲಿಲೀಟರಿಗೆ 1.6 ಮಿಲಿಗ್ರಾಂ ಮೆಟಾಕ್ರೆಸಾಲ್, 0.65 ಮಿಲಿಗ್ರಾಂ ಫೀನಾಲ್ ಇರುತ್ತವೆ. ತಿಳಿಯಾದ ಕೆಲವು ಇನ್ಸುಲಿನ್ನುಗಳಲ್ಲಿ ಫೀನಾಲಿಲ್ಲದೆ ಮೆಟಾಕ್ರೆಸಾಲ್ ಒಂದೇ ಎರಡೂವರೆಯಿಂದ ಮೂರು ಮಿಲಿಗ್ರಾಂ. ಬೆಳಿಗ್ಗೆ 20, ಸಂಜೆ 12 ಯೂನಿಟ್ಟಿನಂತೆ ತೆಗೆದುಕೊಳ್ಳುವ ರೋಗಿಯು, ಮಿಲಿಲೀಟರಿಗೆ 40 ಯೂನಿಟ್ಟಿನ ಸೀಸೆಯಿಂದ, ದಿನಕ್ಕೆ 0.8 ಮಿಲಿಲೀಟರು ದ್ರವವನ್ನು ಚುಚ್ಚಿಕೊಂಡಂತಾಯಿತು. ಅದರೊಡನೆ ಇಳಿಯುವ ಸಂರಕ್ಷಕವು ಎರಡು ಮಿಲಿಗ್ರಾಮಿನ ಆಚೀಚೆ. ನಾವು ಉಂಡ ಬೇಳೆ, ಮಾಂಸಗಳ ಪ್ರೋಟೀನನ್ನು ಕರುಳಿನ ಕ್ರಿಮಿಗಳು ಒಡೆಯುವಾಗ ಫೀನಾಲ್, ಕ್ರೆಸಾಲ್‌ಗಳು ಹತ್ತಾರು ಮಿಲಿಗ್ರಾಮುಗಳಷ್ಟು ನಿತ್ಯವೂ ನಮ್ಮೊಳಗೇ ಹುಟ್ಟಿ, ಯಕೃತ್ತಿನಲ್ಲಿ ಪಳಗಿ, ಮೂತ್ರದಲ್ಲಿ ಹೊರಬೀಳುತ್ತವೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2013ರಲ್ಲಿ ಫೀನಾಲಿಗೆ ಗೊತ್ತುಪಡಿಸಿದ ಸಹ್ಯ ಪ್ರಮಾಣವು ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಅರ್ಧ ಮಿಲಿಗ್ರಾಂ. 60 ಕಿಲೋ ತೂಗುವವರಿಗೆ 30 ಮಿಲಿಗ್ರಾಂ ಆಯಿತು. ಅದು ಬಾಯಿಯ ಮೂಲಕ ಸೇರುವುದರ ಲೆಕ್ಕವಾದುದರಿಂದ ಸೂಜಿಗೆ ಅಕ್ಷರಶಃ ಅನ್ವಯಿಸುವುದಿಲ್ಲವೆಂಬುದನ್ನು ಮರೆಮಾಚಬಾರದು. ಆದರೂ ಎರಡಕ್ಕೂ ಮೂವತ್ತಕ್ಕೂ ಇರುವ ಅಂತರ ಕಣ್ಣಿಗೆ ಕಾಣುತ್ತದೆ. ಸಂರಕ್ಷಕವು ದ್ರವದ ಅಳತೆಯನ್ನು ಅನುಸರಿಸುವುದೇ ಹೊರತು ಯೂನಿಟ್ಟನ್ನಲ್ಲ. ಆದುದರಿಂದ ಮಿಲಿಲೀಟರಿಗೆ 100 ಯೂನಿಟ್ಟಿನ ಇನ್ಸುಲಿನ್ನಿನಲ್ಲಿ ಅದೇ 32 ಯೂನಿಟ್ಟಿಗೆ ಸಂರಕ್ಷಕವು ಐದರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಇದನ್ನು ಓದಿ ಸೀಸೆಯನ್ನು ಬದಲಿಸಹೊರಟವರು ಸಿರಿಂಜನ್ನೂ ಬದಲಿಸಲೇಬೇಕು: ಕೆಂಪು ಟೊಪ್ಪಿಗೆಯದು 40ಕ್ಕೆ, ಕಿತ್ತಳೆ ಟೊಪ್ಪಿಗೆಯದು 100ಕ್ಕೆ. ಕೆಂಪು ಟೊಪ್ಪಿಗೆಯ ಸಿರಿಂಜಿನಲ್ಲಿ 100ರ ಔಷಧವನ್ನು ಎಳೆದುಕೊಂಡರೆ ಎರಡೂವರೆ ಪಟ್ಟು ಇನ್ಸುಲಿನ್ ಒಳಸೇರಿ, ರಕ್ತದ ಸಕ್ಕರೆ ಕುಸಿದು, ಮನುಷ್ಯ ಎಚ್ಚರ ತಪ್ಪಿ ಬೀಳುತ್ತಾನೆ. ಕ್ರೆಸಾಲಿನ ಶಂಕೆಗಿಂತ ಈ ಅಪಾಯ ಎಷ್ಟೋ ದೊಡ್ಡದು.

ಹಾಗಾದರೆ ಶಂಕೆಯೆಲ್ಲವೂ ನಿರಾಧಾರವೆ? ಅಲ್ಲ. ದೇಹವಿಡೀ ಲೆಕ್ಕಹಾಕಿದಾಗ ಅತ್ಯಲ್ಪವಾದುದು ಚುಚ್ಚಿದ ಬಿಂದುವಿನಲ್ಲಿ ಕೆಲವು ಕ್ಷಣಗಳ ಮಟ್ಟಿಗೆ ಅಲ್ಪವಲ್ಲ. ಪ್ರಯೋಗಶಾಲೆಯ ಬಟ್ಟಲಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಈ ದ್ರವ್ಯಗಳನ್ನು ಬಿಟ್ಟಾಗ ಕೋಶಗಳು ಸಾಯುವುದನ್ನೂ ಉರಿಯೂತದ ಸಂಕೇತಗಳನ್ನು ಹೊರಡಿಸುವುದನ್ನೂ ಸಂಶೋಧಕರು ಕಂಡಿದ್ದಾರೆ. ದಿನಕ್ಕೊಂದು ಜಾಗವನ್ನು ಬದಲಿಸಿ ಚುಚ್ಚಿಕೊಳ್ಳುವವರಲ್ಲಿ ದ್ರವವು ಬೇಗನೆ ಹರಡಿ ತೆಳುವಾಗುವುದರಿಂದ ಇದು ಹೆಚ್ಚು ಬಾಧಿಸದು. ಆದರೆ ಇನ್ಸುಲಿನ್ ಪಂಪಿನ ಕೊಳವೆಯನ್ನು ಎರಡು-ಮೂರು ದಿನ ಒಂದೇ ಎಡೆಯಲ್ಲಿ ನೆಟ್ಟುಕೊಳ್ಳುವವರಲ್ಲಿ ಆ ಎಡೆ ಕೆಂಪಾಗುವುದಕ್ಕೂ ಕೊಳವೆ ಬೇಗ ಕೆಡುವುದಕ್ಕೂ ಇದು ಒಂದು ಕಾರಣವಿರಬಹುದೆಂಬ ವಿಚಾರವನ್ನು ಗಂಭೀರವಾಗಿಯೇ ಶೋಧಿಸುತ್ತಿದ್ದಾರೆ. ಎರಡನೆಯದು ಒಗ್ಗದಿರುವಿಕೆ. ಮೆಟಾಕ್ರೆಸಾಲ್ ಒಗ್ಗದ ಜನರು ವಿರಳ, ಆದರೆ ಉಂಟು; ಚುಚ್ಚಿದಲ್ಲೆಲ್ಲ ತುರಿಕೆಯ ದದ್ದು, ಗಂಟು, ಕೆಂಪು ಕಾಣಿಸಿಕೊಂಡರೆ ಕಾರಣವು ಕ್ರೆಸಾಲೋ, ಪ್ರೋಟಮಿನ್ನೋ, ಸತುವೋ, ಸ್ವತಃ ಇನ್ಸುಲಿನ್ನೋ ಎಂಬುದನ್ನು ಚರ್ಮದ ಪರೀಕ್ಷೆಯಿಂದ ಒಂದೊಂದಾಗಿ ಬೇರ್ಪಡಿಸಿ, ಸಂರಕ್ಷಕದ ಪ್ರಮಾಣ ಬೇರೆಯಿರುವ ತಯಾರಿಕೆಗೆ ಬದಲಿಸುವ ದಾರಿಯಿದೆ. ಒಂದೇ ಎಡೆಯಲ್ಲಿ ವರ್ಷಗಟ್ಟಲೆ ಚುಚ್ಚಿದುದರಿಂದ ಏಳುವ ಮೆತ್ತನೆಯ ಕೊಬ್ಬಿನ ಉಬ್ಬು ಮಾತ್ರ ಸಂರಕ್ಷಕದಿಂದಾದುದಲ್ಲ. ಅದು ಇನ್ಸುಲಿನ್ನಿನ ಪೋಷಕ ಗುಣದಿಂದಲೇ ಬರುವಂತಹುದು, ಜಾಗವನ್ನು ಬದಲಿಸುತ್ತಿದ್ದರೆ ತಪ್ಪುವಂತಹುದು. ಯಾವ ಪ್ರಸಂಗದಲ್ಲಿಯೂ ರೋಗಿಯು ತಾನಾಗಿಯೇ ಸೂಜಿಯನ್ನು ನಿಲ್ಲಿಸಕೂಡದು. ಮೊದಲನೆಯ ಬಗೆಯ ಮಧುಮೇಹವುಳ್ಳ ಮಗುವಿಗೆ ಇನ್ಸುಲಿನ್ ತಪ್ಪಿದರೆ ಒಂದೆರಡು ದಿನಗಳಲ್ಲಿಯೇ ರಕ್ತವು ಆಮ್ಲವಾಗಿ, ವಾಂತಿ ಹಿಡಿದು, ಏದುಸಿರು ಬಂದು, ಪ್ರಜ್ಞೆ ತಪ್ಪುತ್ತದೆ. ಸೀಸೆಯನ್ನು ಮೂಲೆಗಿಟ್ಟು ಬೇರಿನ ಕಷಾಯಕ್ಕೆ ಮೊರೆಹೋದ ತಾಯಿತಂದೆಗಳ ಮಕ್ಕಳನ್ನು ತೀವ್ರನಿಗಾ ಘಟಕಗಳು ಈಗಲೂ ಕಾಣುತ್ತಿವೆಯೆಂಬುದು ಬಹಳ ದುಃಖದ ಮಾತು.

ಬಳ್ಳಾರಿ ಸೀಮೆಯಲ್ಲಿ ಇನ್ಸುಲಿನ್ನಿಗೆ ನಿಜವಾದ ವೈರಿ ಬಿಸಿಲು. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆಗಳು ಬಂದ ಮೇಲೆ ಜೋಳದ ಹೊಲಗಳು ಗದ್ದೆಗಳಾದವು, ರೊಟ್ಟಿಯ ತಟ್ಟೆಗೆ ಸಿರುಗುಪ್ಪದ ಬಿಳಿಯ ಅಕ್ಕಿ ಬಂದಿತು. ನೀರು ಬಂದರೂ ಬಿಸಿಲು ತಗ್ಗಲಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವ ಊರಿನಲ್ಲಿ, ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿಯೊಳಗೆ, ತೆರೆದುದನ್ನು 30 ಡಿಗ್ರಿಗೆ ಮೀರದಂತೆ ಇಡಬೇಕೆಂಬ ವಿಧಿಯನ್ನು ಫ್ರಿಜ್ಜಿಲ್ಲದ ಮನೆಯವರು ಹೇಗೆ ಪಾಲಿಸಬೇಕು? ಕೆನ್ಯಾದ ದಾಗಹಲೆ ನಿರಾಶ್ರಿತರ ಶಿಬಿರದ ಶಾಖವನ್ನು ಮಾದರಿಯಾಗಿಟ್ಟುಕೊಂಡು ಗಡಿಯಿಲ್ಲದ ವೈದ್ಯರ ಸಂಸ್ಥೆಯೂ ಜಿನೀವಾ ವಿಶ್ವವಿದ್ಯಾಲಯವೂ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ಸಮಾಧಾನ ಕೊಡುತ್ತದೆ: 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ಶಾಖದಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್ನು ಶೀತದಲ್ಲಿಟ್ಟುದರಷ್ಟೇ ಸತ್ತ್ವವನ್ನು ಉಳಿಸಿಕೊಂಡಿತ್ತು. ಮೂವತ್ತೇಳನ್ನು ಮೀರದಂತೆ ನೋಡಿಕೊಳ್ಳಲು ಕುಂಬಾರನ ಎರಡು ಮಡಕೆಗಳು ಸಾಕು: ದೊಡ್ಡದರೊಳಗೆ ಚಿಕ್ಕದನ್ನಿರಿಸಿ, ನಡುವೆ ಮರಳು ತುಂಬಿ, ಆ ಮರಳನ್ನು ದಿನಕ್ಕೆರಡು ಬಾರಿ ತೋಯಿಸಿ, ಒದ್ದೆಯ ಬಟ್ಟೆಯಿಂದ ಬಾಯಿ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿ ಇಡುವುದು, ಸೀಸೆಗೆ ನೀರು ತಾಗದಂತೆ ಒಂದು ಪ್ಲಾಸ್ಟಿಕ್ ಚೀಲ. ಬಳ್ಳಾರಿಯ ಬೇಸಗೆಯ ಗಾಳಿ ಒಣಗಾಳಿಯಾದುದರಿಂದ ನೀರು ಬೇಗ ಆರುತ್ತದೆ, ಆರಿದಷ್ಟೂ ಒಳಗಣ ಮಡಕೆ ತಣಿಯುತ್ತದೆ. ಫ್ರಿಜ್ಜು ಇರುವ ಮನೆಯವರು ಸೀಸೆಯನ್ನು ಮಂಜುಗಡ್ಡೆಯ ಅರೆಯಲ್ಲಿ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಮೊದಲಿನಂತಾಗದು.

ಕಡೆಯದಾಗಿ, ಮಿತವ್ಯಯದ ಮನೆಗಳಲ್ಲಿ ಕಾಣುವ ಒಂದು ತೊಡಕು. ತೆರೆದ ಸೀಸೆಗೆ ಅನೇಕ ತಯಾರಿಕೆಗಳು ವಿಧಿಸಿರುವ ಅವಧಿ ನಾಲ್ಕು ವಾರ, ಕೆಲವು ಆರು ವಾರ; ಪೆಟ್ಟಿಗೆಯೊಳಗಣ ಕಾಗದದಲ್ಲಿ ಅದು ಬರೆದಿರುತ್ತದೆ. ಮೇಲೆ ಹೇಳಿದ 32 ಯೂನಿಟ್ಟಿನ ರೋಗಿಗೆ 400 ಯೂನಿಟ್ಟಿನ ಸೀಸೆ ಹನ್ನೆರಡು ದಿನಕ್ಕೆ ಮುಗಿಯುವುದರಿಂದ ಅವಧಿಯ ಪ್ರಶ್ನೆಯೇ ಏಳದು. ಆದರೆ ಮಾತ್ರೆಗಳ ಜೊತೆಗೆ ರಾತ್ರಿಯಲ್ಲಿ ಬರಿಯ 10 ಯೂನಿಟ್ಟನ್ನು ತೆಗೆದುಕೊಳ್ಳುವ ಕುರುಗೋಡಿನ ಮುದುಕಿಗೆ ಅದೇ ಸೀಸೆ ನಲವತ್ತು ದಿನ ಬರುತ್ತದೆ. ನಾಲ್ಕು ವಾರದ ಅವಧಿಯದಾದರೆ ಇಪ್ಪತ್ತೆಂಟನೆಯ ದಿನ ಇನ್ನೂ 120 ಯೂನಿಟ್ಟು ಉಳಿದಿರುತ್ತದೆ, ಅದನ್ನು ಚೆಲ್ಲಲು ಆಕೆಯ ಮನಸ್ಸು ಒಪ್ಪುವುದಿಲ್ಲ, ದಿನಗಳೆದಂತೆ ಸತ್ತ್ವವೂ ಕಾವಲೂ ಕ್ಷೀಣಿಸುವ ಆ ಸೀಸೆಯಿಂದಲೇ ಚುಚ್ಚಿಕೊಳ್ಳುತ್ತಾಳೆ. ಅಂತಹವರು ವೈದ್ಯರನ್ನು ಕೇಳಿ ಪೆನ್ನಿಗೆ ಹಾಕುವ ಮೂರು ಮಿಲಿಲೀಟರಿನ ಕೊಳವೆಯನ್ನು ಪಡೆಯುವುದು ಲೇಸು. ಅದರಲ್ಲಿ 300 ಯೂನಿಟ್ಟುಗಳಿರುತ್ತವೆ. ಪ್ರತಿಸಲವೂ ಸೂಜಿಯ ಗಾಳಿಯನ್ನು ಕಳೆಯಲು ಎರಡು ಯೂನಿಟ್ಟು ವ್ಯಯವಾದರೂ ಇಪ್ಪತ್ತೈದನೆಯ ರಾತ್ರಿಗೆ, ಅವಧಿಗೆ ಮೂರು ದಿನ ಮುಂಚೆ, ಚೆಲ್ಲುವುದಕ್ಕೆ ಏನೂ ಉಳಿಯದಂತೆ ಅದು ಮುಗಿಯುತ್ತದೆ.